ಸಿಡಿಲು ಬೀರುವಿನ ಕಿವಿಯಲ್ಲಿ ಹೇಳಿದ್ದು

ಅಕ್ಟೋಬರ್ ೧೨, ಭಾನುವಾರ

ಮುದ್ದಿನ ತಂಗಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಮೂರೂ ಪತ್ರ ಕೈ ಸೇರಿವೆ. ಮೊದಲನೆಯದರಲ್ಲಿ ಸಂತೋಷ, ಎರಡನೆಯದರಲ್ಲಿ ಆಕ್ಷೇಪಣೆ, ಮೂರನೆಯದರಲ್ಲಿ ಬರೀ ಬೈಗುಳ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಮಗ ಗೆದ್ದ ದಿನದಿಂದ ನನ್ನ ಬಾಕ್ಸಿಂಗ್ ಜಿಮ್ಮಿನ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಕೆಳಗಿನ ಟೈರ್ ಅಂಗಡಿಯವನು ತನ್ನ ಬೋರ್ಡಿನ ಮೇಲೆ ‘ಚಾಂಪಿಯನ್ ಕಟ್ಟಡ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿಕೊಂಡಿದ್ದಾನೆ. ಹೋದ ವರ್ಷ ಇದೇ ಮಹಾಶಯ ನಮ್ಮ ಕುಣಿದಾಟಕ್ಕೆ ತನ್ನ ತಲೆಯ ಮೇಲೆ ಗಾರೆ ಉದುರುತ್ತಿದೆ ಎಂದು ಜಗಳಕ್ಕೆ ಬಂದಿದ್ದ. ಈಗ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಇಷ್ಟು ದೊಡ್ಡ ಪಂದ್ಯ ಗೆದ್ದ ಮಗ ತಾಯಿಗೆ ಫೋನ್ ಮಾಡಿದರೆ ಯಾಕೆ ಎರಡು ಮಾತಾಡಿ ಇಟ್ಟುಬಿಡುತ್ತಾನೆ, ಇದೊಂದು. ಹನ್ನೊಂದನೆಯ ಸುತ್ತಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡಿದ್ದಾಗ ಆ ಹಳೆಯ ಚಾಂಪಿಯನ್ ‘ಸಿಡಿಲು’ ಇವನ ಕಿವಿಯಲ್ಲಿ ಏನು ಹೇಳಿದ, ಇದು ಇನ್ನೊಂದು. ಅವನ ತುಟಿ ಅಲ್ಲಾಡಿದ್ದನ್ನು ನೀನು ಟಿವಿಯಲ್ಲಿ ಕಣ್ಣಾರೆ ನೋಡಿದೆಯಂತೆ. ನೀನೊಬ್ಬಳೇ ಅಲ್ಲ ತಾಯಿ, ಇಡೀ ಊರು ನೋಡಿದೆ. ಮೊನ್ನೆ ಕ್ಷೌರದ ಅಂಗಡಿಯವನು ನನ್ನ ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ಹಿಡಿದುಕೊಂಡು, “ಈಗ ಹೇಳಿ ಯಜಮಾನ್ರೇ, ಏನಂದ ಅವ್ನು? ಯಾರಿಗೂ ಬಾಯಿ ಬಿಡಲ್ಲ” ಅಂದ. ಅವನ ಬಾಯಿ ನನಗೆ ಗೊತ್ತಿಲ್ಲವೇ!

ಒಬ್ಬೊಬ್ಬರದು ಒಂದೊಂದು ಊಹೆ. ಪತ್ರಿಕೆಯವನ ಪ್ರಕಾರ ಸಿಡಿಲು ಕೆಟ್ಟದಾಗಿ ಬೈದನಂತೆ, ಅದಕ್ಕೇ ಇವನು ಕೆರಳಿ ಗೆದ್ದನಂತೆ. ಟೈರ್ ಅಂಗಡಿಯವನು “ಸಾಕಪ್ಪಾ ಸಾಕು ಅಂದಿರ್ತಾನೆ” ಅನ್ನುತ್ತಾನೆ. ಕ್ಷೌರದವನು ಇನ್ನೂ ಮೇಲೆ ಹೋಗಿ, “ಇನ್ಮೇಲೆ ಪಟ್ಟ ನಿಂದೇ ಕಣೋ ಅಂತ ಆಶೀರ್ವಾದ ಮಾಡಿದ್ದಾನೆ, ನೋಡ್ತಿರಿ” ಎಂದ. ನಾನು ನಿನ್ನ ಮಗನನ್ನು ಊಟಕ್ಕೆ ಕೂತಾಗ ಕೇಳಿದೆ, ಬೂಟಿನ ದಾರ ಕಟ್ಟುವಾಗ ಕೇಳಿದೆ, ಸ್ನಾನದ ಮನೆಯ ಬಾಗಿಲ ಹೊರಗೆ ನಿಂತೂ ಕೇಳಿದೆ. “ಏನೋ ಅಂದ ಬಿಡು ಮಾವ” ಎನ್ನುತ್ತಾನೆ, ಬಾಯಿಗೆ ಬೀಗ. ಚಿಕ್ಕಂದಿನಲ್ಲಿ ನಾವಿಬ್ಬರೂ ಪಕ್ಕದ ಮನೆಯ ಜಗಳ ಕೇಳಲು ಗೋಡೆಗೆ ಲೋಟ ಇಟ್ಟು ಕಿವಿ ಹಚ್ಚುತ್ತಿದ್ದವರು. ನನ್ನ ಸ್ಥಿತಿ ನಿನಗೆ ಅರ್ಥವಾದೀತು.

ಇರಲಿ, ಮೊದಲಿನಿಂದ ಹೇಳುತ್ತೇನೆ. ಭಾವನವರು ಕಣ್ಣಿಗೆ ಬೆರಳು ಅಡ್ಡ ಇಟ್ಟುಕೊಂಡು ಪಂದ್ಯ ನೋಡಿದರು, ನೀನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಇಣುಕಿದೆ ಎಂದು ಬರೆದಿದ್ದೀಯ. ಹಾಗೆ ನೋಡಿದವರಿಗೆ ಏನು ತಿಳಿದೀತು?

ಪತ್ರಿಕೆಯವರು ಮಗನನ್ನು ‘ಬೀರು’ ಎಂದು ಬರೆದದ್ದಕ್ಕೆ ನಿನಗೆ ಸಿಟ್ಟು. ಆ ಹೆಸರು ಅವರು ಇಟ್ಟದ್ದಲ್ಲ. ಅವನು ಹಗಲೆಲ್ಲ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ದುಡಿದು ಸಂಜೆ ನನ್ನ ಹತ್ತಿರ ಗುದ್ದು ಕಲಿಯಲು ಬರುವವನು ತಾನೇ? ಅಲ್ಲಿಯ ಜೊತೆಗಾರರು ಇಟ್ಟ ಹೆಸರು. ಒಂದು ಸಲ ಕಬ್ಬಿಣದ ಬೀರುವೊಂದನ್ನು ಕಿರಿದಾದ ಮೆಟ್ಟಿಲಲ್ಲಿ ಇಳಿಸುವಾಗ ಮೇಲಿನವನ ಕೈ ಜಾರಿತಂತೆ. ಕೆಳಗಿದ್ದ ಇವನು ಬೆನ್ನು ಕೊಟ್ಟು ನಿಂತುಬಿಟ್ಟ. ಮೇಲಿನಿಂದ ನೋಡಿದವರಿಗೆ ಬೀರು ಯಾವುದು, ಹುಡುಗ ಯಾವನು ಎಂದು ಗೊತ್ತಾಗಲಿಲ್ಲವಂತೆ. ಅಂದಿನಿಂದ ಅದೇ ಹೆಸರು. ಅವನಿಗೇನೂ ಬೇಜಾರಿಲ್ಲ, ನಿನಗೆ ಯಾಕೆ?

ಆ ಕಸುಬಿನಲ್ಲಿ ಮೊದಲ ದಿನವೇ ಕಲಿಸುವುದು ಒಂದೇ ಪಾಠ: ಕೆಳಗಿನವನು ಬಿಡಬಾರದು. ಬೆರಳು ಜಜ್ಜಿದರೂ ಸರಿ, ವಾಲುತ್ತಿರುವುದನ್ನು ಹಿಡಿಯಬೇಕು. ಇವನಿಗೆ ಅದು ರಕ್ತಕ್ಕೇ ಇಳಿದಿದೆ. ಮೇಜಿನ ಮೇಲೆ ಲೋಟ ವಾಲಿದರೆ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಕೈ ಅಲ್ಲಿರುತ್ತದೆ. ಮನೆಗೆ ಒಳ್ಳೆಯದೇ, ನನ್ನ ಒಂದು ಲೋಟವೂ ಒಡೆದಿಲ್ಲ. ರಿಂಗಿನಲ್ಲಿ ಮಾತ್ರ ಇದರಂಥ ಪೀಡೆ ಇನ್ನೊಂದಿಲ್ಲ. ಅಭ್ಯಾಸದಲ್ಲಿ ಯಾರಿಗಾದರೂ ಇವನ ಗುದ್ದು ಸರಿಯಾಗಿ ಕೂತು ಅವನು ಕುಸಿದನೋ, ಇವನು ತಕ್ಷಣ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿಯುತ್ತಾನೆ! ಹೊಡೆದವನೂ ಇವನೇ, ಹಿಡಿದವನೂ ಇವನೇ. ಜಿಮ್ಮಿನವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಹಳೆಯ ಹಾಸಿಗೆಯೊಂದನ್ನು ನೆಟ್ಟಗೆ ನಿಲ್ಲಿಸಿ ಅವನ ಮೇಲೆ ವಾಲಿಸಿ, “ಹಿಡೀಬೇಡ, ಬೀಳ್ಲಿ” ಎಂದು ದಿನವೂ ಪಾಠ ಮಾಡಿದೆ. ಪಾಪ, ಹಲ್ಲು ಕಚ್ಚಿ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ. ಹಾಸಿಗೆ ಬಿದ್ದ ಮೇಲೆ ಅದನ್ನು ಎತ್ತಿ, ಧೂಳು ಕೊಡವಿ, ಗೋಡೆಗೆ ಒರಗಿಸುತ್ತಿದ್ದ.

ಇಂಥವನಿಗೆ ಹೆವಿವೇಟ್ ಪಟ್ಟದ ಪಂದ್ಯ ಹೇಗೆ ಸಿಕ್ಕಿತು ಎಂದರೆ ಅದೊಂದು ದೊಡ್ಡ ತಮಾಷೆ. ಸಿಡಿಲಿನ ಎದುರು ಆಡಬೇಕಾಗಿದ್ದವನು ಹೆಬ್ಬೆರಳು ಮುರಿದುಕೊಂಡ. ಟಿಕೇಟೆಲ್ಲ ಮಾರಾಟವಾಗಿದ್ದವು. ಏರ್ಪಾಡಿನವರು ನನಗೆ ಫೋನ್ ಮಾಡಿ, “ಒಂದ್ ನಾಲ್ಕು ಸುತ್ತು ನಿಂತ್ಕೊಳ್ಳೋರು ಯಾರಾದ್ರೂ ಇದ್ದಾರಾ?” ಎಂದು ಕೇಳಿದರು. ಗೆಲ್ಲುವವರು ಅಲ್ಲ, ನಿಂತುಕೊಳ್ಳುವವರು! ನಿಲ್ಲುವುದರಲ್ಲಿ ನನ್ನ ಸೋದರಳಿಯನನ್ನು ಮೀರಿಸುವವರು ಯಾರು? ಅವನನ್ನು ಕೇಳದೆಯೇ ಹೂಂ ಅಂದುಬಿಟ್ಟೆ. ಆಮೇಲೆ ಹೇಳಿದರೆ, “ರಜಾ ಕೇಳ್ಬೇಕು ಮಾವ, ಆ ವಾರ ಎರಡು ಪಿಯಾನೋ ಇದಾವೆ” ಅಂದ. ಜಗತ್ತಿನ ಅತಿ ದೊಡ್ಡ ಪಟ್ಟದ ಪಂದ್ಯಕ್ಕೆ ಪಿಯಾನೋ ಅಡ್ಡ ಬಂತು, ಕೇಳಿದ್ದೀಯಾ ಎಲ್ಲಾದರೂ?

ಪಂದ್ಯದ ಸಂಜೆ ನಮ್ಮನ್ನು ರಿಂಗಿಗೆ ಕರೆದುಕೊಂಡು ಹೋಗುವವನಿಗೆ ಇವನ ಹೆಸರೇ ಗೊತ್ತಿರಲಿಲ್ಲ, ಕೈಯ ಚೀಟಿ ನೋಡಿ ಓದಿದ. ಸಿಡಿಲು ಬಂದಾಗ ಮಾತ್ರ ಸಭಾಂಗಣದ ಸೂರು ಹಾರಿಹೋಗುವಂಥ ಕೂಗು. ಸುಳ್ಳೇಕೆ ಹೇಳಲಿ, ನೋಡಲು ಬಹಳ ಚೆಂದದ ಆಳು. ಅಷ್ಟು ದೊಡ್ಡ ಮೈ ಹೊತ್ತುಕೊಂಡು ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಿದ್ದ. ವರ್ಷಗಳಿಂದ ಸೋಲೆಂಬುದನ್ನೇ ಕಂಡವನಲ್ಲ. ಮೊದಲ ಮೂರು ಸುತ್ತು ನಿನ್ನ ಮಗನಿಗೆ ಏಟೋ ಏಟು. ಹುಬ್ಬು ಊದಿತು, ತುಟಿ ಒಡೆಯಿತು. ಅವನ ಬಾಯಿಗೆ ನೀರು ಹಾಕುತ್ತ “ಹೇಗಿದೀಯೋ?” ಎಂದರೆ, “ಅವ್ನು ಹೊಡೆಯೋಕ್ ಮುಂಚೆ ಉಸಿರು ಬಿಡ್ತಾನೆ ಮಾವ” ಎಂದ. ನಾನು ಬೆಪ್ಪಾದೆ. ಭಾರ ಹೊರುವವರು ಜೊತೆಗಾರನ ಉಸಿರು ಕೇಳಿಯೇ ಮೆಟ್ಟಿಲಿಳಿಯುವುದಂತೆ. ನಾಲ್ಕನೆಯ ಸುತ್ತಿನಿಂದ ಇವನು ಅವನಿಗೆ ಅಂಟಿಕೊಂಡೇ ನಿಂತ, ಉಸಿರು ಕೇಳಿಸಿದ ಕೂಡಲೇ ಪಕ್ಕಕ್ಕೆ ಸರಿದ, ಪಕ್ಕೆಗೆ ಬಿಟ್ಟ. ನಾಲ್ಕಕ್ಕೆ ಬೀರು ಮಗುಚುತ್ತದೆ ಎಂದು ಬರೆದಿದ್ದ ಪತ್ರಿಕೆಯವನು ಕುರ್ಚಿಯಿಂದ ಎದ್ದು ನಿಂತದ್ದನ್ನು ನಾನೇ ನೋಡಿದೆ.

ಆರನೆಯ ಸುತ್ತಿನಲ್ಲಿ ಆಗಿದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಡಗೈ ಗುದ್ದು ಪಕ್ಕೆಲುಬಿನ ಕೆಳಗೆ ಕೂತಿತು, ಸಿಡಿಲು ಮಡಚಿಕೊಂಡ, ಮಂಡಿ ನೆಲಕ್ಕೆ ಇನ್ನೊಂದು ಗೇಣು. ಪಟ್ಟ ನಮ್ಮದು ಎಂದುಕೊಂಡು ನಾನು ಹಗ್ಗಕ್ಕೆ ಕೈ ಹಾಕಿದ್ದೇನೆ, ಅಷ್ಟರಲ್ಲಿ ನಿನ್ನ ಸುಪುತ್ರ ಎರಡೂ ತೋಳಿನಲ್ಲಿ ಅವನನ್ನು ಎತ್ತಿ ಹಿಡಿದುಬಿಟ್ಟ! ರೆಫರಿಗೆ ಇದೇನೆಂದು ಅರ್ಥವಾಗಲಿಲ್ಲ. ಅವರನ್ನು ಬಿಡಿಸುವಷ್ಟರಲ್ಲಿ ಸಿಡಿಲು ಸಾವರಿಸಿಕೊಂಡ, ಗಂಟೆಯೂ ಹೊಡೆಯಿತು. ಜನ ಹೋ ಎಂದು ನಕ್ಕರು. ಮೂಲೆಗೆ ಬಂದವನಿಗೆ ನಾನು ಬೈದದ್ದನ್ನು ಇಲ್ಲಿ ಬರೆದರೆ ನಿನ್ನ ಚಿಕ್ಕವಳು ಓದಿಬಿಡುತ್ತಾಳೆ, ಬೇಡ. “ಗೊತ್ತಾಗ್ಲಿಲ್ಲ ಮಾವ, ಕೈ ತಾನಾಗೇ ಹೋಯ್ತು” ಎಂದ.

ಆ ಒಂದು ತಪ್ಪಿಗೆ ಇನ್ನೂ ಐದು ಸುತ್ತು ಇಬ್ಬರೂ ಒದ್ದಾಡಿದರು. ಹನ್ನೊಂದರಲ್ಲಿ ಇವನ ಬಲಗೈ ಗುದ್ದು ಸಿಡಿಲಿನ ದವಡೆಗೆ ಬಿತ್ತು. ಕಾಲು ಸಡಿಲವಾಯಿತು, ಮುಂದಕ್ಕೆ ವಾಲಿದ. ಮತ್ತೆ ಅದೇ ಕಥೆ, ಇವನು ಮತ್ತೆ ಹಿಡಿದ. ನೀವೆಲ್ಲ ನೋಡಿದ್ದು ಆಗಲೇ, ಅವನ ಬಾಯಿ ಇವನ ಕಿವಿಯ ಹತ್ತಿರ ಅಲ್ಲಾಡಿದ್ದು. ನಾನು ಹಗ್ಗದ ಮೇಲೆ ಬಾಗಿ ಗಂಟಲು ಹರಿದುಹೋಗುವ ಹಾಗೆ ಕೂಗಿದೆ: “ಬಿಡೋ ಅವನ್ನ! ಹಿಡೀಬೇಡ, ಬೀಳ್ಲಿ!” ಅಷ್ಟು ಸಾವಿರ ಜನ ಅರಚುತ್ತಿದ್ದಾಗಲೂ ನನ್ನ ದನಿ ಅವನಿಗೆ ಮುಟ್ಟಿತು ನೋಡು. ತೋಳು ಬಿಚ್ಚಿ ಹಿಂದೆ ಸರಿದ. ಸಿಡಿಲು ಹಿಂದಕ್ಕೆ ತೂಗಿ ಅಂಗಾತ ಬಿದ್ದ, ತಲೆ ನೆಲಕ್ಕೆ ಬಡಿಯಿತು, ರೆಫರಿ ಹತ್ತು ಎಣಿಸಿದ. ಜಗತ್ತಿನ ಪಟ್ಟ ನಮ್ಮ ಬೀರುವಿನದಾಯಿತು! ಮರುದಿನದ ಪತ್ರಿಕೆಯಲ್ಲಿ ‘ಪಟ್ಟ ಗೆದ್ದ ಕೂಗು’ ಎಂದು ನನ್ನ ಚಿತ್ರವನ್ನೂ ಹಾಕಿದ್ದರು, ಬಾಯಿ ಬಾವಿಯಷ್ಟು ತೆರೆದದ್ದು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ. ಜೀವಮಾನವೆಲ್ಲ ಇದಕ್ಕಾಗಿ ಕಾದವನು ನಾನು.

ಸಿಡಿಲು ಎದ್ದ, ನಿನ್ನ ಮಗನ ಕೈ ಕುಲುಕಿದ, ತನ್ನ ಕಾಲ ಮೇಲೇ ಒಳಗೆ ಹೋದ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ವಾಂತಿ ಮಾಡಿಕೊಂಡು ಕುಸಿದನಂತೆ. ತಲೆಯೊಳಗೆ ರಕ್ತ ಕಟ್ಟಿತ್ತಂತೆ, ಆಪರೇಷನ್ ಆಯಿತು. ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಕಸುಬಿನಲ್ಲಿ ಇದೆಲ್ಲ ಇದ್ದದ್ದೇ, ನೀನು ಇದನ್ನೇ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನನ್ನ ಚಿಂತೆಯೇ ಬೇರೆ. ನಿನ್ನ ಮಗ ಅಂದಿನಿಂದ ಗ್ಲೌಸ್ ಮುಟ್ಟಿಲ್ಲ. ಮುಂದಿನ ಪಂದ್ಯಕ್ಕೆ ಒಪ್ಪಿಗೆ ಕೇಳಿ ಏರ್ಪಾಡಿನವರು ಎರಡು ಸಲ ಬಂದು ಹೋದರು. ಈ ತಿಂಗಳ ಕೊನೆಯೊಳಗೆ ಹೂಂ ಅನ್ನದಿದ್ದರೆ ಪಟ್ಟ ಇವನ ಕೈ ತಪ್ಪಿ ಬೇರೆಯವರಿಗೆ ಹೋಗುತ್ತದೆ. ಇವನೋ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾನೆ, ಮಧ್ಯಾಹ್ನ ಅರ್ಧ ದಿನದ ರಜಾ ಹಾಕಿ ಎಲ್ಲಿಗೋ ಮಾಯವಾಗುತ್ತಾನೆ. ಕೇಳಿದರೆ “ಇಲ್ಲೇ ಹೋಗಿದ್ದೆ.” ಹುಡುಗಿ ಗಿಡುಗಿ ಇರಬಹುದೇ ಎಂದು ಅಂಗಿಯನ್ನೂ ಮೂಸಿ ನೋಡಿದೆ. ಡೆಟಾಲಿನ ವಾಸನೆ! ನಾಳೆ ಹಿಂದೆಯೇ ಹೋಗಿ ನೋಡಿಬಿಡುತ್ತೇನೆ. ಪತ್ರವನ್ನು ಮಡಚದೆ ಹಾಗೇ ಇಟ್ಟಿರುತ್ತೇನೆ.

ಗುರುವಾರ

ಹೋಗಿ ಬಂದು ಮೂರು ದಿನವಾಯಿತು. ಬರೆಯಲು ಕೂತರೆ ಕೈ ಓಡಲಿಲ್ಲ.

ಸೋಮವಾರ ಅವನು ಹತ್ತಿದ ಬಸ್ಸಿಗೆ ನಾನೂ ಹಿಂದಿನ ಬಾಗಿಲಿನಿಂದ ಹತ್ತಿ, ಒಬ್ಬ ದಪ್ಪ ಹೆಂಗಸಿನ ಬುಟ್ಟಿಯ ಮರೆಯಲ್ಲಿ ತಲೆ ಬಗ್ಗಿಸಿ ಕೂತೆ. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಿತ್ತೇ! ಅವನು ದೊಡ್ಡಾಸ್ಪತ್ರೆಯ ಮುಂದೆ ಇಳಿದ. ಬಾಗಿಲ ಕಾವಲಿನವನು ಇವನಿಗೆ ಸಲಾಮು ಹೊಡೆದ, ನನ್ನನ್ನು ತಡೆದ. “ಅವರ ಮಾವ ಕಣಪ್ಪಾ” ಎಂದು ಗೋಗರೆದು ಒಳಗೆ ಹೋದೆ.

ನಡೆಯುವುದನ್ನು ಕಲಿಸುವ ಕೋಣೆಯಂತೆ ಅದು. ನೆಲಕ್ಕೆ ರಬ್ಬರಿನ ಹಾಸು, ಗೋಡೆಯುದ್ದ ಕನ್ನಡಿ, ನಡುವೆ ಹಿಡಿದುಕೊಂಡು ನಡೆಯಲು ಎರಡು ಉದ್ದನೆಯ ಸರಳು. ಸರಳುಗಳ ಮಧ್ಯೆ ಸಿಡಿಲು ನಿಂತಿದ್ದ. ತಲೆ ಬೋಳಿಸಿದ್ದರು, ಒಂದು ಬದಿಗೆ ಹೊಲಿಗೆಯ ಗೆರೆ. ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಿದ್ದವನು ಎಡಗಾಲನ್ನು ಎಳೆದು ಎಳೆದು ಇಡುತ್ತಿದ್ದ. ಹಿಂದೆ ನಿನ್ನ ಮಗ, ಅವನ ಸೊಂಟಕ್ಕೆ ಕೈ ಕೊಟ್ಟು, ಅವನ ಉಸಿರಿಗೆ ಕಿವಿ ಕೊಟ್ಟು. “ಇದೊಂದು ಹೆಜ್ಜೆ. ಹಾಂ. ನಾನಿದೀನಿ, ಇಡಿ” ಅನ್ನುತ್ತಿದ್ದ. ಮಂಡಿ ಮಡಚಿದಾಗೆಲ್ಲ ಹಿಡಿದು ನಿಲ್ಲಿಸುತ್ತಿದ್ದ.

ನಾನು ಬಾಗಿಲಲ್ಲೇ ಕಂಬದಂತೆ ನಿಂತೆ. ಬೆಂಚಿನ ಮೇಲೆ ಸಿಡಿಲಿನ ಹೆಂಡತಿ ಫ್ಲಾಸ್ಕ್ ಹಿಡಿದು ಕೂತಿದ್ದಳು. ನನ್ನ ಗುರುತು ಹಿಡಿದಳು, ಪತ್ರಿಕೆಯಲ್ಲಿ ಚಿತ್ರ ಬಂದಿತ್ತಲ್ಲ. ಬೈಯುತ್ತಾಳೆ ಎಂದುಕೊಂಡೆ. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. “ಮೊದ್ಲು ಎರಡು ದಿನ ಒಳಗೆ ಬಿಡ್ಲೇ ಇಲ್ಲ ನಾನು. ಮೆಟ್ಟಿಲ ಮೇಲೆ ಕೂತಿರ್ತಿದ್ದ. ಮೂರನೇ ದಿನ ಇವ್ರನ್ನ ಮಂಚದಿಂದ ಎತ್ತೋಕೆ ನಾಲ್ಕು ಜನ ಒದ್ದಾಡ್ತಿದ್ರು. ನಾನೇ ಹೋಗಿ ಕರ್ದೆ” ಎಂದಳು. ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಚಹಾ ಕೊಟ್ಟಳು. ಕುಡಿದೆ, ರುಚಿ ತಿಳಿಯಲಿಲ್ಲ.

ಆದರೂ ಈ ಹಾಳು ಕುತೂಹಲ ನೋಡು. ಸಿಡಿಲು ಸುಧಾರಿಸಿಕೊಳ್ಳಲು ಕೂತಾಗ ಹತ್ತಿರ ಹೋಗಿ, ಆರೋಗ್ಯ ವಿಚಾರಿಸಿ, ತಡೆಯಲಾರದೆ ಕೇಳಿಯೇಬಿಟ್ಟೆ: “ಅವತ್ತು ನಮ್ಮುಡುಗನ ಕಿವೀಲಿ ಏನೋ ಹೇಳಿದ್ರಲ್ಲ, ಏನದು?” ಅವನ ಮಾತು ನಿಧಾನ, ಒಂದೊಂದು ಪದಕ್ಕೂ ಹುಡುಕಾಟ. “ಪಂದ್ಯದ ದಿನ ಬೆಳಿಗ್ಗೆ ಷೂ ಹುಡುಕ್ತಾ ಇದ್ದಿದ್ದು ನೆನಪಿದೆ. ಆಮೇಲಿಂದು ಒಂದೂ ಇಲ್ಲ” ಎಂದ. ಆಮೇಲೆ ನಗುತ್ತಾ ನಿನ್ನ ಮಗನ ಭುಜ ತಟ್ಟಿ, “ಇವನು ಗೆದ್ದನಂತೆ. ಒಳ್ಳೆ ಹುಡುಗ” ಎಂದ. ನಿನ್ನ ಮಗ ಮುಖ ತಿರುಗಿಸಿಕೊಂಡ.

ಅಲ್ಲಿಗೆ ನಿನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಫೋನಿನಲ್ಲಿ ನೀನು ಗೆಲುವಿನ ಖುಷಿಯನ್ನೇ ಕೇಳುತ್ತೀಯ, ಅವನ ಹತ್ತಿರ ಅದಿಲ್ಲ. ಗ್ಲೌಸಿನ ಮಾತೆತ್ತಿದರೆ, “ಅವ್ರು ಯಾರ ಆಸರೆನೂ ಇಲ್ದೆ ಆ ಬಾಗಿಲ ತನಕ ನಡೀಲಿ ಮಾವ, ಆಮೇಲೆ ನೋಡೋಣ” ಎಂದ. ಅದು ಈ ತಿಂಗಳಲ್ಲಿ ಆಗುವ ಮಾತಲ್ಲ, ಪಟ್ಟ ಹೋಯಿತು ಎಂದೇ ತಿಳಿ. ನೀನು ಅವನ ಮೇಲೆ ಮುನಿಸಿಕೊಳ್ಳಬೇಡ. ಪಂದ್ಯದ ಸುದ್ದಿ ಬಿಟ್ಟು ಮನೆಯ ಸುದ್ದಿ ಹೇಳು, ಚಿಕ್ಕವಳ ಕೈಗೆ ಫೋನ್ ಕೊಡು, ಭಾವನವರ ಕೀಲುನೋವಿನ ಪುರಾಣ ಹೇಳು. ಅವನು ಮಾತಾಡಿಯಾನು.

ಭಾವನವರಿಗೆ ನಮಸ್ಕಾರ. ಚಿಕ್ಕವಳಿಗೆ ಮಾವನ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಂಡು, ಚೆನ್ನಾಗಿ ನಿದ್ದೆ ಮಾಡು, ನೂರು ಕಾಲ ಸುಖವಾಗಿರು. ನಿನ್ನ ಮಗ ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನೀನು ಪುಣ್ಯವಂತೆ ಎಂದು ಇವತ್ತು ಮನಸಾರೆ ಅನ್ನಿಸಿತು.

ಇಂತು ನಿನ್ನ,
ಅಣ್ಣ

ತಾ.ಕ.: ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ ಬರೆಯದೆಯೇ ಲಕೋಟೆ ಅಂಟಿಸಿಬಿಟ್ಟಿದ್ದೆ. ಇರಲಾಗಲಿಲ್ಲ, ಮತ್ತೆ ಬಿಚ್ಚಿದ್ದೇನೆ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವನೇ ಹೇಳಿದ, ನಾನು ಕೇಳಲೂ ಇಲ್ಲ. ಸಿಡಿಲು ಬೈಯಲಿಲ್ಲ, ಹರಸಲೂ ಇಲ್ಲ. “ಹಿಡ್ಕೋ, ಬಿಡ್ಬೇಡ, ಕಾಲು ನಿಲ್ತಾ ಇಲ್ಲ” ಎಂದನಂತೆ. ಇವನು ಬಿಗಿಯಾಗಿ ಹಿಡಿದುಕೊಂಡಿದ್ದನಂತೆ. ಮೆಲ್ಲಗೆ ಕೂರಿಸಬೇಕು ಎಂದುಕೊಂಡಿದ್ದನಂತೆ. ಗೋಡೆಯ ಚಿತ್ರವನ್ನು ಬಂದ ಕೂಡಲೇ ತೆಗೆದಿಟ್ಟೆ. ಆದರೆ ಬಸ್ಸಿನಲ್ಲಿ ನಾನು ಎಂಥ ಹೇಡಿಯಾದೆ ಗೊತ್ತೇ ತಂಗಿ? “ಆ ಗದ್ದಲದಲ್ಲಿ ನಾನು ಕೂಗಿದ್ದು ನಿಂಗೆ ಕೇಳಿಸಿರಲ್ಲ ಅಲ್ವೇನೋ? ಕೈ ಸೋತು ತಾನಾಗೇ ಬಿಟ್ಟೆ ತಾನೇ?” ಎಂದು ಕೇಳಿದೆ. ಹೂಂ ಅನ್ನಲಿ ಎಂದು ಅವನ ಬಾಯನ್ನೇ ನೋಡುತ್ತಿದ್ದೆ. ಅವನಿಗೆ ಸುಳ್ಳು ಹೇಳಲು ನೀನು ಕಲಿಸಿಲ್ಲ.

“ಕೇಳಿಸ್ತು ಮಾವ” ಅಂದ. “ಅಷ್ಟು ಜನ ಕೂಗ್ತಿದ್ರಲ್ಲ, ನಿಂದೊಂದೇ ಕೇಳಿಸ್ತು.”